ಬೈಕ್ ಸವಾರಿಗೂ ಆರೈಕೆಗೂ ಒಂದು ಕ್ರಮ

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡದವರು ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಒಂದು ವರದಿ ಕೊಟ್ಟರು. ಅಪಾಯ ಎದುರಾದ ಮೇಲೆ ಅದನ್ನು ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತಲೂ ಕಡಿಮೆ ಸಮಯ ಸಿಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಅಷ್ಟು ಹೊತ್ತಿನಲ್ಲಿ ಯೋಚಿಸಿ ನಿರ್ಧರಿಸಲು ಆಗುವುದಿಲ್ಲ. ಕೈಕಾಲುಗಳಿಗೆ ಮೊದಲೇ ರೂಢಿಯಾಗಿರುವುದನ್ನಷ್ಟೇ ಸವಾರ ಮಾಡಬಲ್ಲ. ಗಾಡಿಯೂ ತನ್ನ ಟೈರು, ಬ್ರೇಕು, ಚೈನುಗಳ ಸ್ಥಿತಿ ಬಿಟ್ಟುಕೊಟ್ಟಷ್ಟು ಮಾತ್ರ ಸ್ಪಂದಿಸುತ್ತದೆ. ಹಾಗಾಗಿ ಸವಾರಿಯನ್ನೂ ಆರೈಕೆಯನ್ನೂ ಬೇರೆಬೇರೆ ವಿಷಯಗಳೆಂದು ನೋಡದೆ, ಒಂದೇ ಕ್ರಮದಲ್ಲಿ ಇಲ್ಲಿ ವಿವರಿಸಲಾಗಿದೆ.

ಅದೇ ವರದಿಯ ಪ್ರಕಾರ ಗಾಡಿಯ ದೋಷದಿಂದಲೇ ಆದ ಅಪಘಾತಗಳು ಶೇ 3ಕ್ಕಿಂತ ಕಡಿಮೆ. ಇದನ್ನು ಓದಿ ಆರೈಕೆ ಅಷ್ಟೇನೂ ಮುಖ್ಯವಲ್ಲ ಎಂದುಕೊಳ್ಳುವುದು ತಪ್ಪಾದೀತು. ಹಳೆಯ ಬ್ರೇಕ್ ಆಯಿಲ್‌ನಿಂದ ಲಿವರ್ ಮೆತ್ತಗಾಗಿ ಗಾಡಿ ಎರಡು ಮೀಟರ್ ಮುಂದೆ ಹೋಗಿ ನಿಂತರೆ ಅದು ಯಾವ ದಾಖಲೆಯಲ್ಲೂ ಗಾಡಿಯ ದೋಷವೆಂದು ಬರೆಯಲ್ಪಡುವುದು ಕಷ್ಟ. ಇನ್ನು ಆ ಶೇ 3ರಲ್ಲಿ ಹೆಚ್ಚಿನವು ಪಂಕ್ಚರಿನಿಂದ ಗಾಳಿ ಇಳಿದು ನಿಯಂತ್ರಣ ತಪ್ಪಿದ ಪ್ರಕರಣಗಳು. ಪರಿಶೀಲನೆಯನ್ನು ಟೈರಿನಿಂದಲೇ ಆರಂಭಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮೊದಲು ಟೈರು

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಹತ್ತಾರು ಕಿಲೋಮೀಟರ್ ಓಡಿದ ಟೈರಿನ ಒಳಗಿನ ಗಾಳಿ ಬಿಸಿಯಾಗಿ ಒತ್ತಡ ಹೆಚ್ಚು ತೋರುತ್ತದೆ. ಆಗ ಅಳೆದು, ಹೆಚ್ಚಾಗಿದೆಯೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಮೆತ್ತಗಾಗಿರುತ್ತದೆ. ಸಾಮಾನ್ಯ ಬೈಕುಗಳಲ್ಲಿ ಮುಂದಿನ ಟೈರಿಗೆ 25ರಿಂದ 29 ಪಿಎಸ್‌ಐ, ಹಿಂದಿನದಕ್ಕೆ 28ರಿಂದ 33 ಪಿಎಸ್‌ಐವರೆಗೆ ಹೇಳಿರುತ್ತಾರಾದರೂ, ನಿಮ್ಮ ಗಾಡಿಯ ಸರಿಯಾದ ಅಂಕಿ ಮ್ಯಾನುಯಲ್‌ನಲ್ಲಿ ಅಥವಾ ಚೈನ್ ಕವರ್, ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗಳ ಮೇಲೆ ಅಂಟಿಸಿರುವ ಚೀಟಿಯಲ್ಲಿರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಳ್ಳುವಾಗ ಬೇಕಾದ ಒತ್ತಡವನ್ನು ಅಲ್ಲೇ ಬೇರೆಯಾಗಿ ಬರೆದಿರುತ್ತಾರೆ. ವಾರಕ್ಕೊಮ್ಮೆ ನೋಡಿದರೆ ಸಾಕು. ವಾಲ್ವಿನ ಮುಚ್ಚಳ ಕಳೆದಿದ್ದರೆ ಕೂಡಲೇ ಹೊಸದು ಹಾಕಬೇಕು, ಏಕೆಂದರೆ ಅದು ಧೂಳನ್ನು ತಡೆಯುವುದರ ಜೊತೆಗೆ ಗಾಳಿ ಸೋರದಂತೆ ಎರಡನೆಯ ಅಡ್ಡಗಟ್ಟಾಗಿಯೂ ಕೆಲಸ ಮಾಡುತ್ತದೆ.

ಗಾಳಿ ನೋಡುವಾಗಲೇ ಚಕ್ರವನ್ನು ಒಂದು ಸುತ್ತು ತಿರುಗಿಸಿ ಮೊಳೆ, ಗಾಜಿನ ಚೂರು, ಪಕ್ಕದ ಬಿರುಕುಗಳನ್ನು ಹುಡುಕಬೇಕು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಈ ಉಬ್ಬುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಸವೆಯದ ಟೈರೂ ಹಳತಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ: 2322 ಎಂದಿದ್ದರೆ 2022ರ 23ನೇ ವಾರ. ಹೊಸ ಟೈರು ಹಾಕಿಸಿಕೊಂಡವರು ಮೊದಲ 100-150 ಕಿಲೋಮೀಟರ್ ನಿಧಾನವಾಗಿ ಓಡಿಸಿ, ತಿರುವುಗಳಲ್ಲಿ ಹೆಚ್ಚು ವಾಲಿಸದಿರುವುದು ಒಳ್ಳೆಯದು, ಏಕೆಂದರೆ ಮೇಲ್ಮೈಯ ನುಣುಪು ಹೋಗುವವರೆಗೆ ಅದು ಪೂರ್ತಿಯಾಗಿ ಹಿಡಿಯುವುದಿಲ್ಲ.

ದಿನವೂ ಹೊರಡುವ ಮುನ್ನ ಮಾಡಬೇಕಾದ ಉಳಿದ ಪರಿಶೀಲನೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಎರಡೂ ಬ್ರೇಕುಗಳನ್ನು ಒಂದೊಂದಾಗಿ ಹಿಡಿದು ಹಿಂದಿನ ದೀಪ ಹೊತ್ತುವುದೇ ಎಂದು ಗೋಡೆಯ ಮೇಲೆ ಬೀಳುವ ಬೆಳಕಿನಲ್ಲಿ ನೋಡುವುದು, ಇಂಡಿಕೇಟರ್ ಮತ್ತು ಹಾರ್ನ್ ಪರೀಕ್ಷಿಸುವುದು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್ ಎಲ್ಲಿಯೂ ಸಿಕ್ಕಿಕೊಳ್ಳುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವುದು, ನೆಲದ ಮೇಲೆ ಎಣ್ಣೆಯ ಕಲೆಯಿದೆಯೇ ಎಂದು ಗಮನಿಸುವುದು, ಸೈಡ್ ಸ್ಟ್ಯಾಂಡ್ ಎತ್ತುವುದು. ಆ್ಯಕ್ಸಿಲರೇಟರನ್ನು ತಿರುಗಿಸಿ ಬಿಟ್ಟಾಗ ಅದು ತಾನಾಗಿಯೇ ಥಟ್ಟನೆ ಹಿಂದಕ್ಕೆ ಬರಬೇಕು. ತಡವರಿಸಿದರೆ ಗಾಡಿಯನ್ನು ಹೊರಗೆ ತೆಗೆಯಲೇಬಾರದು.

ಚೈನಿನ ಕೆಲಸ

ಮನೆಯಲ್ಲೇ ಮಾಡಬಹುದಾದ ಕೆಲಸಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಚೈನು. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಚಾವಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ ಮೇಲೆಯೇ ಕೈಯಿಡಬೇಕು. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು, ತಿರುಗುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ಸುಲಭೋಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಚೈನು ಕೂರುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟಿಗೆ ಬಟ್ಟೆ ಸಿಕ್ಕಿದರೆ ಬೆರಳೂ ಅದರ ಜೊತೆಗೇ ಹೋಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಬಿಗಿ ನೋಡಲು ಎರಡು ಸ್ಪ್ರಾಕೆಟ್‌ಗಳ ನಡುಮಧ್ಯದಲ್ಲಿ ಕೆಳಗಿನ ಚೈನನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸಬೇಕು. ಸಾಮಾನ್ಯ ಬೈಕುಗಳಲ್ಲಿ ಒಟ್ಟು ಚಲನೆ 20ರಿಂದ 30 ಮಿಲಿಮೀಟರ್‌ನಷ್ಟಿರಬೇಕು. ಸೆಂಟರ್ ಸ್ಟ್ಯಾಂಡಿನಲ್ಲಿ ಅಳೆಯಬೇಕೇ ಸೈಡ್ ಸ್ಟ್ಯಾಂಡಿನಲ್ಲೇ ಎಂಬುದನ್ನೂ ಮ್ಯಾನುಯಲ್ ಹೇಳಿರುತ್ತದೆ. ಒಂದೇ ಜಾಗದಲ್ಲಿ ನೋಡಿ ಬಿಡಬಾರದು. ಚೈನು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕಾರು ಕಡೆ ಪರೀಕ್ಷಿಸಿ, ಅತ್ಯಂತ ಬಿಗಿಯಾಗಿರುವ ಜಾಗದಲ್ಲಿ ಅಳತೆ ಸರಿಯಾಗುವಂತೆ ಹೊಂದಿಸಬೇಕು. ಅದಕ್ಕೆ ಹಿಂಚಕ್ರದ ಆಕ್ಸೆಲ್ ನಟ್ಟನ್ನು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಒಂದೇ ಪ್ರಮಾಣದಲ್ಲಿ ತಿರುಗಿಸಬೇಕು. ಸ್ವಿಂಗ್ ಆರ್ಮ್‌ನ ಎರಡೂ ಕಡೆಯ ಗೆರೆ ಗುರುತುಗಳು ಒಂದೇ ಸ್ಥಾನಕ್ಕೆ ಬಂದಿವೆಯೇ ಎಂದು ಬಗ್ಗಿ ನೋಡಬೇಕು. ಒಂದು ಗೆರೆ ಆಚೀಚೆಯಾದರೂ ಚಕ್ರ ಓರೆಯಾಗಿ ಕೂತಿದೆ ಎಂದರ್ಥ. ನಟ್ಟನ್ನು ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು, ಏಕೆಂದರೆ ಬಿಗಿ ಮಾಡುವಾಗ ಚಕ್ರ ಕೊಂಚ ಸರಿಯುತ್ತದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪೆಡಲ್ಲಿನ ಪ್ಲೇ (ಬ್ರೇಕ್ ಹಿಡಿಯುವ ಮುನ್ನ ಅದು ಸಡಿಲವಾಗಿ ಆಡುವ ದೂರ) ಕೂಡ ಬದಲಾಗಿರುವುದರಿಂದ ಅದನ್ನೂ ಸರಿಪಡಿಸಿಕೊಳ್ಳಬೇಕು.

ಚೈನು ಬಿಗಿಯಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಚೈನು ಇನ್ನಷ್ಟು ಬಿಗಿಯಾಗಿ ಗೇರ್ ಬಾಕ್ಸಿನ ಬೇರಿಂಗನ್ನು ಎಳೆಯುತ್ತದೆ. ಸಡಿಲ ಚೈನು ಸ್ಪ್ರಾಕೆಟ್ ಬಿಟ್ಟು ಹಾರಿ ಹಿಂಚಕ್ರವನ್ನೇ ಕಚ್ಚಿಹಿಡಿಯಬಹುದು. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಹಿಂದಕ್ಕೆ ಜಗ್ಗಿದಾಗ ಹಲ್ಲಿನ ಅರ್ಧ ಭಾಗ ಕಂಡರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಚೈನನ್ನೂ ಎರಡೂ ಸ್ಪ್ರಾಕೆಟ್‌ಗಳನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಲ್ಲುಗಳ ಮೇಲೆ ಹಾಕಿದ ಹೊಸ ಚೈನು ಬೇಗನೇ ಹಾಳಾಗುತ್ತದೆ.

ಸ್ವಚ್ಛಗೊಳಿಸಲು ಸೀಮೆಎಣ್ಣೆ ಮತ್ತು ಮೆದು ಬ್ರಷ್ ಸಾಕು. ಪೆಟ್ರೋಲಿನಿಂದಲೂ ತಂತಿ ಬ್ರಷ್ಷಿನಿಂದಲೂ ಚೈನಿನ ಕೊಂಡಿಗಳ ನಡುವಿನ ಸಣ್ಣ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಒಣ ಬಟ್ಟೆಯಿಂದ ಒರೆಸಿದ ಮೇಲೆ ಎಣ್ಣೆಯನ್ನು ಚೈನಿನ ಒಳಮಗ್ಗುಲಿಗೆ ಹಾಕಬೇಕು; ಓಡುವಾಗ ಅದು ತಾನಾಗಿ ಹೊರಕ್ಕೆ ಹರಡಿಕೊಳ್ಳುತ್ತದೆ. ಸವಾರಿ ಮುಗಿಸಿ ಬಂದು ಚೈನು ಬೆಚ್ಚಗಿರುವಾಗ ಹಾಕಿ ರಾತ್ರಿಯಿಡೀ ಬಿಟ್ಟರೆ ಒಳಗೆ ಇಳಿಯುತ್ತದೆ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿ ಬಂದಾಗ ಅದಕ್ಕೂ ಮೊದಲೇ, ಈ ಕೆಲಸ ಆಗಬೇಕು.

ಬ್ರೇಕ್: ಆರೈಕೆಯೂ ಬಳಕೆಯೂ

ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಸೇರಿದ ಅದೇ ಆಯಿಲ್‌ಗೆ ಈ ಮಿತಿ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕಾವು ಏರಿ, ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆಗ ಎಷ್ಟು ಹಿಡಿದರೂ ಲಿವರ್ ಸುಮ್ಮನೆ ಹ್ಯಾಂಡಲ್ಲಿನವರೆಗೆ ಬರುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಿಸಬೇಕು, ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ತಡೆಯನ್ನು ಬಳಸಿಕೊಳ್ಳಬೇಕು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುರಿದು ತುಂಬಿಸುವ ಮುನ್ನ ಪ್ಯಾಡ್ ಸವೆದಿದೆಯೇ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡುವುದು ಸರಿಯಾದ ಕ್ರಮ. ಸಿಲಿಕೋನಿನಿಂದ ಮಾಡಿದ ಡಾಟ್ 5 ಅನ್ನು ಡಾಟ್ 3 ಅಥವಾ 4ರ ಜೊತೆ ಎಂದಿಗೂ ಬೆರೆಸಬಾರದು.

ಇನ್ನು ಬಳಕೆಯ ಮಾತು. ಮುಂಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂಬ ಭಯದಿಂದ ಹಿಂಬ್ರೇಕನ್ನೇ ನೆಚ್ಚಿಕೊಂಡವರು ಬಹಳ. ಹರ್ಟ್ ವರದಿಯಲ್ಲಿಯೂ ಅದೇ ಇದೆ: ಬಹುಪಾಲು ಸವಾರರು ಹಿಂಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿಕೊಂಡಿದ್ದರು, ಮುಂಬ್ರೇಕನ್ನು ಸಾಕಷ್ಟು ಬಳಸಿರಲಿಲ್ಲ. ಬ್ರೇಕ್ ಹಾಕಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಹಗುರಾದ ಹಿಂಚಕ್ರ ಸುಲಭವಾಗಿ ಜಾರುತ್ತದೆ, ಭಾರ ಬಿದ್ದ ಮುಂಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಬರುವುದು ಮುಂದಿನಿಂದಲೇ. ಬೀಳಿಸುವುದು ಮುಂಬ್ರೇಕಲ್ಲ, ಅದನ್ನು ಗಬಕ್ಕನೆ ಹಿಡಿಯುವ ರೀತಿ.

ಇದನ್ನು ವಾಹನಗಳಿಲ್ಲದ ಒಣ, ಸಮತಟ್ಟಾದ ಜಾಗದಲ್ಲಿ ಅಭ್ಯಾಸ ಮಾಡಬೇಕು. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಬಂದು, ಆ್ಯಕ್ಸಿಲರೇಟರ್ ಬಿಟ್ಟು, ಎರಡೂ ಬ್ರೇಕುಗಳನ್ನು ಒಟ್ಟಿಗೆ ಹಿಡಿಯಿರಿ. ಮುಂದಿನ ಲಿವರನ್ನು ಮೊದಲು ಹಗುರಾಗಿ ಒತ್ತಿ. ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕೆಳಕ್ಕೆ ಕುಗ್ಗುವುದು ಅಂಗೈಗೆ ತಿಳಿಯುತ್ತದೆ. ಆಮೇಲೆ ಒತ್ತಡವನ್ನು ಏರಿಸುತ್ತ ಹೋಗಿ. ನೋಟ ಚಕ್ರದ ಮೇಲಲ್ಲ, ದೂರದಲ್ಲಿರಬೇಕು. ನಿಲ್ಲುವ ಹಂತದಲ್ಲಿ ಕ್ಲಚ್ ಹಿಡಿದು ಮೊದಲ ಗೇರಿಗೆ ಬನ್ನಿ. ಇದು ಸಲೀಸಾದ ಮೇಲೆ ವೇಗವನ್ನು 30ಕ್ಕೆ, 40ಕ್ಕೆ ಏರಿಸಬಹುದು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಗಾಡಿಯಲ್ಲಿ ಲಿವರ್ ನಡುಗಿದರೆ ಹೆದರಿ ಬಿಡಬಾರದು. ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಎಬಿಎಸ್ ಇಲ್ಲದಿದ್ದರೆ ಮುಂಚಕ್ರ ಲಾಕ್ ಆದ ಕೂಡಲೇ ಲಿವರನ್ನು ಬಿಟ್ಟು ಮತ್ತೆ ಮೆಲ್ಲಗೆ ಹಿಡಿಯಬೇಕು.

ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿತೆಂದರೆ ಅಷ್ಟರಲ್ಲೇ ಗಾಡಿ 16 ಮೀಟರಿಗಿಂತ ಹೆಚ್ಚು ಸಾಗಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕಿದರೂ ಒಟ್ಟು 40 ಮೀಟರ್ ಬೇಕು. 30ರ ವೇಗದಲ್ಲಿ ಇದೇ ಲೆಕ್ಕ 14 ಮೀಟರಿಗೆ ಇಳಿಯುತ್ತದೆ.

ಎಂಜಿನ್ ಆಯಿಲ್

ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಮಟ್ಟ ನೋಡಬೇಕು. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳೂ ಇದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಡಬ್ಬಿಯ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜಾಸೋ ಎಂಎ ಅಥವಾ ಎಂಎ2 ಇರಬೇಕು. ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರತೊಡಗುತ್ತದೆ.

ಹೆಲ್ಮೆಟ್

‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಬ್ರಿಟನ್ನಿನ ಸೇನಾಧಿಕಾರಿ ಟಿ. ಇ. ಲಾರೆನ್ಸ್ 1935ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಅವರನ್ನು ನೋಡಿಕೊಂಡ ವೈದ್ಯರಲ್ಲಿ ನರ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ ಅವರು ನಡೆಸಿದ ಅಧ್ಯಯನಗಳೇ ಬ್ರಿಟಿಷ್ ಸೇನೆಯ ಬೈಕ್ ಸವಾರರಿಗೆ ಹೆಲ್ಮೆಟ್ ಬರಲು ಕಾರಣವಾದವು. ಹೆಲ್ಮೆಟ್ಟಿನಿಂದ ಸಾವಿನ ಸಂಭವ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ 69ರಷ್ಟು ತಗ್ಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2008ರ ಕಾಕ್ರೇನ್ ಪರಾಮರ್ಶೆ ಅಂದಾಜಿಸಿತು. ಆದರೆ ಸಡಿಲವಾದ ಹೆಲ್ಮೆಟ್ಟಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ. ಪಟ್ಟಿ ಬಿಗಿದುಕೊಂಡು, ಹಿಂಬದಿಯ ಅಂಚನ್ನು ಹಿಡಿದು ಮುಂದಕ್ಕೆ ಉರುಳಿಸಲು ಪ್ರಯತ್ನಿಸಿ; ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಅದುಮಿಕೊಂಡರೆ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಅಪಘಾತ ಕಂಡ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಬಿಸಾಡಬೇಕು.

ರಸ್ತೆಗೆ ಇಳಿದ ಮೇಲೆ

ಬೇರೊಂದು ವಾಹನವೂ ಸೇರಿಕೊಂಡ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ವಾಹನದ ಚಾಲಕ ಬೈಕಿಗೆ ದಾರಿ ಕೊಡದೆ ನುಗ್ಗಿದ್ದರಿಂದ ಆದವು ಎನ್ನುತ್ತದೆ ಹರ್ಟ್ ವರದಿ. ಚಾಲಕರಿಗೆ ಬೈಕ್ ಕಂಡೇ ಇರುವುದಿಲ್ಲ. ಹೀಗಾಗಿ ಹಗಲಿನಲ್ಲಿಯೂ ಹೆಡ್‌ಲೈಟ್ ಹೊತ್ತಿರಲಿ. ಮುಂದಿನ ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ. ಅಡ್ಡರಸ್ತೆಯಲ್ಲಿ ನಿಂತ ಕಾರು ಹೊರಡುತ್ತದೆಯೇ ಎಂದು ತಿಳಿಯಲು ಚಾಲಕನ ಮುಖಕ್ಕಿಂತ ಅದರ ಮುಂಚಕ್ರವನ್ನು ನೋಡುವುದು ಮೇಲು. ಚಕ್ರ ಒಂದಿಷ್ಟು ಉರುಳಿದರೂ ಗೊತ್ತಾಗುತ್ತದೆ. ಅಂಥ ಕಡೆ ಎರಡು ಬೆರಳು ಬ್ರೇಕ್ ಲಿವರಿನ ಮೇಲೆಯೇ ಇರಲಿ.

ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವು ಮುಗಿಯುವ ಕಡೆಗೆ ದೃಷ್ಟಿ ನೆಡಬೇಕು. ಗುಂಡಿಯನ್ನೇ ದಿಟ್ಟಿಸುತ್ತ ಹೋದವರು ಗುಂಡಿಗೇ ಇಳಿಯುತ್ತಾರೆ, ಏಕೆಂದರೆ ಗಾಡಿ ಕಣ್ಣಿನ ಹಿಂದೆ ಹೋಗುತ್ತದೆ. ಗಂಟೆಗೆ ಸುಮಾರು 25 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಎಡಕ್ಕೆ ವಾಲಬೇಕಾದರೆ ಎಡಗಡೆಯ ಹ್ಯಾಂಡಲನ್ನೇ ಮುಂದಕ್ಕೆ ಒತ್ತಬೇಕು, ಬಲಕ್ಕಾದರೆ ಬಲಗಡೆಯದನ್ನು. ಎಲ್ಲ ಸವಾರರೂ ತಿಳಿಯದೆಯೇ ಇದನ್ನು ಮಾಡುತ್ತಿರುತ್ತಾರೆ; ತಿಳಿದು ಅಭ್ಯಾಸ ಮಾಡಿದರೆ ಮಾತ್ರ ಅಡ್ಡ ಬಂದದ್ದನ್ನು ತಪ್ಪಿಸಿ ಹೊರಳುವಾಗ ಕೈಗೆ ಒದಗುತ್ತದೆ.

ಮಳೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ರಸ್ತೆಯ ಎಣ್ಣೆ, ಧೂಳು ನೀರಿನಲ್ಲಿ ತೇಲಿ ನೆಲ ಹೆಚ್ಚು ಜಾರುತ್ತದೆ. ಬಣ್ಣದ ಪಟ್ಟೆಗಳು, ಕಬ್ಬಿಣದ ಮುಚ್ಚಳಗಳ ಮೇಲೆ ಗಾಡಿಯನ್ನು ವಾಲಿಸದೆ, ಬ್ರೇಕ್ ಹಿಡಿಯದೆ ದಾಟಬೇಕು. ಮುಂದಿನ ವಾಹನದಿಂದ ಒಣ ರಸ್ತೆಯಲ್ಲಿ ಕನಿಷ್ಠ ಎರಡು ಸೆಕೆಂಡಿನ ಅಂತರ ಇಟ್ಟುಕೊಳ್ಳುವವರು ಇಲ್ಲಿ ಅದನ್ನು ಇಮ್ಮಡಿ ಮಾಡಬೇಕು.

ಗಾಡಿ ಬಹುದಿನ ನಿಲ್ಲುವುದಾದರೆ

ತಿಂಗಳುಗಟ್ಟಲೆ ಓಡಿಸದೆ ಇಡಬೇಕಾದಾಗ ತೊಳೆದು, ಒಣಗಿಸಿ, ಚೈನಿಗೆ ಎಣ್ಣೆ ಹಾಕಿ, ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಕಬ್ಬಿಣದ ಟ್ಯಾಂಕಿನ ಒಳಗೆ ತುಕ್ಕು ಹಿಡಿಯದಂತೆ ಪೆಟ್ರೋಲ್ ತುಂಬಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಬೇಕು. ಮತ್ತೆ ಹೊರತೆಗೆಯುವ ದಿನ ಸ್ಟಾರ್ಟ್ ಆಗುತ್ತದೆಯೇ ಎಂಬ ಕುತೂಹಲಕ್ಕಿಂತ ಮೊದಲು ಗಾಳಿ ನೋಡಿ, ಗಾಡಿಯನ್ನು ತಳ್ಳಿಕೊಂಡು ನಾಲ್ಕು ಹೆಜ್ಜೆ ಹೋಗಿ ಎರಡೂ ಬ್ರೇಕುಗಳನ್ನು ಹಿಡಿದು ಬಿಟ್ಟು ನೋಡಬೇಕು. ಡಿಸ್ಕಿನ ಮೇಲಿನ ತೆಳು ತುಕ್ಕು ಮೊದಲ ಕೆಲವು ಬ್ರೇಕಿಗೇ ಉಜ್ಜಿ ಹೋಗುತ್ತದೆ; ಬಿಟ್ಟ ಮೇಲೂ ಚಕ್ರ ಸರಾಗವಾಗಿ ಉರುಳದಿದ್ದರೆ ಗಾಡಿಯನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು. ಏರ್ ಫಿಲ್ಟರಿನ ಡಬ್ಬಿಯನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು, ಇಲಿಗಳಿಗೆ ಅದು ಇಷ್ಟವಾದ ಜಾಗ.