ಸಿಟ್ಟು ಬಂದಾಗ ಕೇಳಿಕೊಳ್ಳುವ ಪ್ರಶ್ನೆ: ಆತ್ಮವಿಚಾರದ ನನ್ನ ಅನುಭವ

ನಾನು ಅಡಿಕೆ ಬೆಳೆಗಾರ, ಸಾಗರದ ಕಡೆಯವನು. ಮನೆ ಪಾಲಾದ ಮೇಲೆ ಗುಡ್ಡದಿಂದ ತೋಟಕ್ಕೆ ಬರುವ ನೀರಿನ ವಿಷಯದಲ್ಲಿ ದೊಡ್ಡಪ್ಪನ ಮಗನಿಗೂ ನನಗೂ ತಕರಾರು ಶುರುವಾಯಿತು. ಅದು ಕೋರ್ಟಿಗೂ ಹೋಯಿತು. ತಿರುವಣ್ಣಾಮಲೈಯ ರಮಣ ಮಹರ್ಷಿಗಳು ಹೇಳಿದ ಆತ್ಮವಿಚಾರ, ಅಂದರೆ ‘ನಾನು ಯಾರು’ ಅಂತ ಒಳಗೇ ಹುಡುಕುವುದು, ನನ್ನ ಕೈಗೆ ಹತ್ತಿದ್ದು ಆ ವರ್ಷಗಳಲ್ಲೇ. ಇವತ್ತಿಗೂ ನನ್ನ ಸಾಧನೆ ಅಂದರೆ ಅದೊಂದೇ. ಅದನ್ನು ಹೇಗೆ ಮಾಡುತ್ತೇನೆ, ಅದರಿಂದ ಏನಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಉಸಿರು ನೋಡುತ್ತಾ ಕೂರುತ್ತಿದ್ದೆ. ಅದು ಒಳ್ಳೆಯ ಅಭ್ಯಾಸವೇ, ಮೈ ಹಗುರಾಗುತ್ತದೆ, ತಲೆ ತಣ್ಣಗಾಗುತ್ತದೆ. ಆದರೆ ಬೆಳಿಗ್ಗೆ ಸಿಕ್ಕ ಶಾಂತಿ ಮಧ್ಯಾಹ್ನ ಪೈಪಿನ ವಾಲ್ವ್ ಮುಚ್ಚಿರೋದು ಕಂಡ ಕೂಡಲೇ ಮಾಯ. ರಮಣರು ಇದನ್ನು ತುಂಬಾ ಸ್ಪಷ್ಟವಾಗಿ ಹೇಳಿದ್ದಾರೆ. ಉಸಿರು ಹಿಡಿತದಲ್ಲಿ ಇರುವಷ್ಟು ಹೊತ್ತು ಮನಸ್ಸೂ ನಿಂತಿರುತ್ತದೆ, ಉಸಿರು ಹೊರಟಾಗ ಅದೂ ಹೊರಡುತ್ತದೆ. ಮನಸ್ಸನ್ನು ಹಿಡಿಯುವುದಕ್ಕೆ ಉಸಿರಿನ ಸಹಾಯ ತೆಗೆದುಕೊಳ್ಳಿ, ಆದರೆ ಅದು ಪೂರ್ತಿ ಅಡಗಬೇಕಾದರೆ ಆತ್ಮವಿಚಾರವೇ ಬೇಕು ಅಂತ. ಈ ಮಾತು ಬರುವುದು 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅನ್ನುವವರು ಕೇಳಿದ ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರಗಳಲ್ಲಿ. ಆಗ ಅವರು ಮಾತಾಡುತ್ತಿರಲಿಲ್ಲ, ಉತ್ತರವನ್ನು ಬರೆದೇ ತೋರಿಸುತ್ತಿದ್ದರು. ವಯಸ್ಸು ಇನ್ನೂ ಇಪ್ಪತ್ತೆರಡರ ಆಸುಪಾಸು. ಅದೇ ಮುಂದೆ ‘ನಾನು ಯಾರು’ ಅನ್ನುವ ಪುಟ್ಟ ಪುಸ್ತಕವಾಯಿತು, ಒಂದೇ ಸಲ ಕೂತು ಓದಿ ಮುಗಿಸಬಹುದು.

ನಾನು ಮಾಡುವ ಕ್ರಮ ಇಷ್ಟೇ. ಬೆಳಿಗ್ಗೆ ಹಾಲು ಕರೆಯುವುದಕ್ಕೆ ಮುಂಚೆ ಜಗಲಿಯಲ್ಲಿ ಕೂರುತ್ತೇನೆ. ಸ್ವಲ್ಪ ಹೊತ್ತು ಉಸಿರು ನೋಡುತ್ತೇನೆ, ಅಷ್ಟರಲ್ಲಿ ಯೋಚನೆ ಬಂದೇ ಬರುತ್ತದೆ. ಮದ್ದು ಹೊಡೆಯೋರು ನಾಳೆ ಬರ್ತಾರೋ ಇಲ್ವೋ, ಮಳೆ ಹೀಗೇ ಹಿಡಿದರೆ ಅಡಿಕೆಗೆ ಕೊಳೆ ರೋಗ ಬರುತ್ತಲ್ಲ, ಇಂಥವೇ. ಅದನ್ನು ಓಡಿಸುವುದಕ್ಕೆ ಹೋಗುವುದಿಲ್ಲ, ಮುಂದುವರಿಸುವುದೂ ಇಲ್ಲ. ಇದು ಯಾರಿಗೆ ಬಂತು ಅಂತ ಕೇಳಿಕೊಳ್ಳುತ್ತೇನೆ. ನನಗೆ. ಸರಿ, ಈ ‘ನಾನು’ ಅನ್ನೋದು ಏನು, ಎಲ್ಲಿಂದ ಏಳುತ್ತಿದೆ? ಇದಕ್ಕೆ ಮಾತಿನಲ್ಲಿ ಉತ್ತರ ಕೊಡಬಾರದು. ಆತ್ಮ ಅಂತಲೋ ಬ್ರಹ್ಮ ಅಂತಲೋ ಉತ್ತರ ಹೇಳಿಕೊಂಡರೆ ಅದು ಇನ್ನೊಂದು ಯೋಚನೆ ಅಷ್ಟೇ. ಪ್ರಶ್ನೆಯನ್ನು ಜಪದ ಹಾಗೆ ಹೇಳುತ್ತಾ ಕೂರುವುದೂ ಅಲ್ಲ. ಗಮನ ‘ನಾನು’ ಅನ್ನುವ ಭಾವದ ಕಡೆಗೆ ತಿರುಗಬೇಕು, ಪ್ರಶ್ನೆ ಇರುವುದು ಅದಕ್ಕೋಸ್ಕರ. ತಿರುಗಿದಾಗ ಹಿಡಿದಿದ್ದ ಯೋಚನೆ ಕೈಬಿಟ್ಟು ಹೋಗುತ್ತದೆ, ಮತ್ತೊಂದು ಬರುವುದಕ್ಕೆ ಮುಂಚೆ ಸಣ್ಣದೊಂದು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಏನೂ ಮಾಡದೆ ಸುಮ್ನೆ ಇರಬೇಕು. ಚಿತೆ ಕೆದಕುವ ಕೋಲು ಕೊನೆಗೆ ತಾನೂ ಸುಟ್ಟುಹೋಗುವ ಹಾಗೆ ಈ ಪ್ರಶ್ನೆಯೂ ಹೋಗುತ್ತದೆ ಅಂತ ರಮಣರು ಹೇಳಿದ್ದಾರೆ. ನಾನಿನ್ನೂ ಕೆದಕುತ್ತಲೇ ಇದ್ದೇನೆ, ಆದರೆ ಆ ಬಿಡುವು ಮೊದಲಿಗಿಂತ ಸಲೀಸಾಗಿ ಸಿಗುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮಂಪರು ಬೇರೆ, ಈ ಬಿಡುವು ಬೇರೆ. ರಮಣರು ಹೇಳುತ್ತಿದ್ದ ಒಂದು ಕಥೆ ಇದೆ. ಗಂಗೆಯ ದಡದಲ್ಲಿ ಒಬ್ಬ ಯೋಗಿ ಬಾಯಾರಿಕೆಯಾಗಿ ಶಿಷ್ಯನಿಗೆ ನೀರು ತಾ ಅಂದ, ನೀರು ಬರುವಷ್ಟರಲ್ಲಿ ಸಮಾಧಿಗೆ ಹೋಗಿಬಿಟ್ಟ. ಎಷ್ಟೋ ಕಾಲ ಕಳೆದು, ಶಿಷ್ಯನೂ ಸತ್ತುಹೋದ ಮೇಲೆ ಎಚ್ಚರವಾದಾಗ ಅವನ ಬಾಯಿಂದ ಬಂದ ಮೊದಲ ಮಾತು ‘ನೀರೆಲ್ಲಿ’ ಅಂತ. ಅಷ್ಟು ಕಾಲ ಮನಸ್ಸು ಅಡಗಿತ್ತು, ಅಳಿದಿರಲಿಲ್ಲ. ಇದನ್ನು ಮನೋಲಯ ಅನ್ನುತ್ತಾರೆ. ಶಾಂತಿ ಉಳಿಯಬೇಕು ಅನ್ನುವವರು ಈ ಕಥೆಯನ್ನು ಮರೆಯಬಾರದು. ಕೂತಾಗ ತುಂಬಾ ಹಾಯ್ ಅನ್ನಿಸಿದರೆ ನಾನು ಇನ್ನೊಂದು ಸಲ ಕೇಳುತ್ತೇನೆ, ಈ ಹಾಯ್ ಅನ್ನೋದು ಯಾರಿಗೆ ಅಂತ.

ಆದರೆ ಇದರ ನಿಜವಾದ ಬಲ ಗೊತ್ತಾಗಿದ್ದು ಜಗಲಿಯಲ್ಲಲ್ಲ. ಒಂದು ವಾಯಿದೆಯ ದಿನ ಕೋರ್ಟಿನ ಹೊರಗೆ ನಿಂತಿದ್ದೆ. ಅಣ್ಣನೂ, ಅಂದರೆ ಆ ದೊಡ್ಡಪ್ಪನ ಮಗನೂ ಅಲ್ಲೇ ಇದ್ದ. ಎಲ್ಲರಿಗೂ ಕೇಳುವ ಹಾಗೆ ನನ್ನ ಅಪ್ಪನ ಬಗ್ಗೆ ಒಂದು ಮಾತು ಅಂದ. ಎದೆ ಕಾದುಹೋಯಿತು, ಕೈ ನಡುಗಿತು. ಅಭ್ಯಾಸಬಲದಿಂದ ಪ್ರಶ್ನೆ ತಾನಾಗಿ ಬಂತು, ಅವಮಾನ ಯಾರಿಗೆ ಆಯ್ತು? ನಿಜವಾಗಿ ಹುಡುಕಿದೆ. ಮೈಗಂತೂ ಏನೂ ಆಗಿಲ್ಲ. ತೀರಿಹೋದ ಅಪ್ಪನಿಗೆ ಈ ಮಾತು ತಾಗುವುದಿಲ್ಲ. ಎದೆಯಲ್ಲಿ ಬಿಸಿ ಇದೆ, ಸರಿ, ಆದರೆ ಅದು ಬರೀ ಬಿಸಿ. ಉಳಿದಿದ್ದು ‘ನಾನು ಇಂಥವರ ಮಗ, ಇಂಥ ಮನೆತನದವನು’ ಅನ್ನುವ ಒಂದು ಯೋಚನೆ. ಪೆಟ್ಟು ಬಿದ್ದಿದ್ದು ಅದಕ್ಕೆ. ಆ ಯೋಚನೆಯನ್ನು ನೋಡುತ್ತಿರುವವನು ಇದ್ದಾನಲ್ಲ, ಅವನಿಗೆ ಏನೂ ಆಗಿರಲಿಲ್ಲ. ಇದನ್ನು ಓದಿ ತಿಳಿದಿದ್ದೆ, ಅವತ್ತು ಕಂಡೆ. ಎದೆಯ ಬಿಸಿ ಸ್ವಲ್ಪ ಹೊತ್ತು ಇತ್ತು, ಮೇಲೆ ಸೌದೆ ಬೀಳಲಿಲ್ಲ, ಆರಿತು. ಮಧ್ಯಾಹ್ನ ಹೋಟೆಲಿನಲ್ಲಿ ಎದುರಿಗೇ ಸಿಕ್ಕಾಗ ‘ಊಟ ಆಯ್ತಾ ಅಣ್ಣಾ?’ ಅಂತ ನನ್ನ ಬಾಯಲ್ಲಿ ತಾನಾಗಿ ಬಂತು. ‘ಇಲ್ಲ, ಈಗ ಬಂದೆ’ ಅಂದ.

ವೈರಾಗ್ಯ ಅಂದರೆ ತೋಟ ಬಿಟ್ಟುಕೊಡುವುದಾ ಅಂತ ನನ್ನ ಹೆಂಡತಿ ಕೇಳಿದ್ದುಂಟು. ನಾನು ಕೇಸು ಬಿಡಲಿಲ್ಲ, ನೀರು ಇಲ್ಲದಿದ್ದರೆ ತೋಟ ಒಣಗುತ್ತದೆ. ರಮಣರೇನೋ 1896ರಲ್ಲಿ ಹದಿನಾರನೇ ವಯಸ್ಸಿಗೆ ತಿರುವಣ್ಣಾಮಲೈಗೆ ಬಂದ ದಿನವೇ ಕೈಯಲ್ಲಿ ಉಳಿದಿದ್ದ ದುಡ್ಡನ್ನು ಕೆರೆಗೆ ಎಸೆದವರು. 1924ರಲ್ಲಿ ಆಶ್ರಮಕ್ಕೆ ನುಗ್ಗಿದ ಕಳ್ಳರು ಅವರ ತೊಡೆಗೆ ಹೊಡೆದಾಗಲೂ, ತಿರುಗಿ ಹೊಡೆಯಲು ಹೊರಟ ಶಿಷ್ಯರನ್ನು ತಡೆದವರು. ಆದರೂ ಮನೆ ಬಿಟ್ಟು ಬರುತ್ತೇನೆ ಅಂದ ಸಂಸಾರಸ್ಥರಿಗೆ ಅವರು ಹೂಂ ಅನ್ನುತ್ತಿರಲಿಲ್ಲ. ಬಿಡಬೇಕಾಗಿರುವುದು ಮನೆಯನ್ನಲ್ಲ, ‘ನಾನು ಸಂಸಾರಿ’ ಅನ್ನೋ ಯೋಚನೆಯನ್ನು. ‘ನಾನು ಸನ್ಯಾಸಿ’ ಅಂದುಕೊಂಡರೂ ಅದೇ ರೋಗ. ನನಗೆ ಇದರಷ್ಟು ಧೈರ್ಯ ಕೊಟ್ಟ ಮಾತು ಬೇರೆ ಇಲ್ಲ. ಕಾಗದಪತ್ರ ಜೋಡಿಸಿದೆ, ವಕೀಲರ ಹತ್ತಿರ ಹೋದೆ, ಬಂದೆ, ರಾತ್ರಿ ಮಲಗಿದರೆ ನಿದ್ದೆ ಬಂತು. ನಿದ್ದೆಯ ಬಗ್ಗೆಯೂ ಅವರು ಹೇಳುವುದು ಸರಳ. ಗಾಢ ನಿದ್ದೆಯಲ್ಲಿ ತೋಟ ಇಲ್ಲ, ಕೇಸಿಲ್ಲ, ಹೆಸರೂ ಇಲ್ಲ, ಆದರೂ ಎದ್ದ ಮೇಲೆ ಸುಖವಾಗಿ ಮಲಗಿದ್ದೆ ಅನ್ನುತ್ತೇವೆ. ಆ ಸುಖ ಎಲ್ಲಿಂದ ಬಂತು? ಯಾವ ವಸ್ತುವಿನಿಂದಲೂ ಅಲ್ಲ ಅಲ್ವಾ.

ಆಮೇಲೆ ತಿರುವಣ್ಣಾಮಲೈಗೆ ಹೋಗಿ ಬಂದೆ, ಬೆಂಗಳೂರಿನಿಂದ ಕೃಷ್ಣಗಿರಿ ಮೇಲೆ ಬಸ್ಸು. ಆಶ್ರಮದ ಹಿಂದಿನಿಂದ ಬೆಟ್ಟದ ದಾರಿ ಹಿಡಿದರೆ ಮೊದಲು ಸ್ಕಂದಾಶ್ರಮ, ಅದರ ಕೆಳಗೆ ವಿರೂಪಾಕ್ಷ ಗುಹೆ. 1899ರಿಂದ 1916ರವರೆಗೆ ಅವರು ಇದ್ದ ಜಾಗ. ಒಳಗೆ ಕತ್ತಲೆ, ಸೆಕೆ, ಆದರೆ ಕೂತವರಿಗೆ ಏಳುವ ಮನಸ್ಸಾಗುವುದಿಲ್ಲ. ಹುಣ್ಣಿಮೆಯ ದಿನ ಮಾತ್ರ ಹೋಗಬೇಡಿ, 14 ಕಿಲೋಮೀಟರ್ ಗಿರಿ ಪ್ರದಕ್ಷಿಣೆಗೆ ಬರುವ ಜನ ಲಕ್ಷಗಟ್ಟಲೆ. ನನಗೆ ಗುಹೆಗಿಂತ ಹೆಚ್ಚು ಹಿಡಿಸಿದ್ದು ಅಡಿಗೆಮನೆಯ ವಿಷಯ. ರಮಣರು ಎಷ್ಟೋ ವರ್ಷ ಬೆಳಗಿನ ಜಾವವೇ ಅಲ್ಲಿಗೆ ಹೋಗಿ ತರಕಾರಿ ಹೆಚ್ಚುತ್ತಿದ್ದರಂತೆ. ಊರಿಗೆ ಬಂದು ಅಡಿಕೆ ಸುಲಿಯುವಾಗ ಆತ್ಮವಿಚಾರ ಇಟ್ಟುಕೊಂಡೆ. ಕೈ ಕೆಲಸ ಮಾಡುತ್ತಿರುತ್ತದೆ, ಒಳಗೆ ಗಮನ ನಿಂತಿರುತ್ತದೆ. ಕೂತು ಮಾಡುವುದಕ್ಕಿಂತ ಇದು ಚೆನ್ನಾಗಿ ಆಗುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಕೇಸು ರಾಜಿಯಲ್ಲಿ ಮುಗಿಯಿತು, ದಿನ ಬಿಟ್ಟು ದಿನ ನೀರು. ಅದು ವಕೀಲರ ಮತ್ತು ಊರ ಹಿರಿಯರ ಕೆಲಸ, ಧ್ಯಾನದ ಫಲ ಅಂತ ನಾನು ಹೇಳುವುದಿಲ್ಲ. ಸಿಟ್ಟು ಈಗಲೂ ಬರುತ್ತದೆ, ಅಡಿಕೆ ರೇಟು ಬಿದ್ದಾಗ ಹೆದರಿಕೆಯೂ ಆಗುತ್ತದೆ. ಆದರೆ ಅವು ಬಂದಾಗಲೂ ಕದಲದೆ ಇರುವುದೊಂದು ಒಳಗಿದೆ ಅನ್ನುವುದು ನನಗೆ ಈಗ ಮರೆತುಹೋಗುವುದಿಲ್ಲ.

ಶುರು ಮಾಡುವವರು ದೊಡ್ಡ ದುಃಖವನ್ನು ಹಿಡಿದುಕೊಂಡು ಮಾಡಬೇಡಿ. ಮನೆಯಲ್ಲಿ ಸಾವಾಗಿದ್ದರೆ, ತಿಂಗಳುಗಟ್ಟಲೆ ನಿದ್ದೆಯೇ ಇಲ್ಲದಿದ್ದರೆ ಮೊದಲು ಜೊತೆಗೆ ಜನ ಬೇಕು, ಡಾಕ್ಟರ್ ಬೇಕು. ಬಸ್ಸು ತಪ್ಪಿತು, ಯಾರೋ ಫೋನು ತೆಗೆಯಲಿಲ್ಲ, ಸಾರಿಗೆ ಉಪ್ಪು ಜಾಸ್ತಿಯಾಯಿತು, ಇಂಥ ಸಣ್ಣ ಕಿರಿಕಿರಿ ಬಂದಾಗ ಕೇಳಿ ನೋಡಿ, ಇದು ಯಾರಿಗೆ ಅಂತ.