ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು

ಮನೆ ಕೊಳ್ಳೋಕೆ ಕರಾರು ಬರೆದು, ಮುಂಗಡ ಕೊಟ್ಟು, ಬ್ಯಾಂಕಿನ ಸಾಲವೂ ಮಂಜೂರಾದ ಮೇಲೆ ಇನ್ನೇನು, ರಿಜಿಸ್ಟ್ರೇಷನ್ ದಿನ ಹೋಗಿ ಸಹಿ ಹಾಕಿ ಬರೋದಷ್ಟೇ ಅಂದುಕೊಂಡಿದ್ದೆ. ಆದರೆ ಕರಾರಿನಿಂದ ಮನೆ ನಮ್ಮದಾಗುವುದಿಲ್ಲ. ಕ್ರಯಪತ್ರ, ಅಂದರೆ ಮಾರಾಟದ ಪತ್ರ, ನೋಂದಣಿಯಾಗಬೇಕು.

ವಕೀಲರು ಅದರ ಕರಡು ಕಳಿಸಿದರು. ಹನ್ನೆರಡು ಪುಟ. ಹೆಸರು, ತಂದೆ ಹೆಸರು, ಮೊತ್ತ ನೋಡಿ 'ಸರಿ ಇದೆ ಸಾರ್' ಅಂತ ಮೆಸೇಜ್ ಹಾಕಿಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಮಾರುವವರ ಹಳೇ ಕ್ರಯಪತ್ರದ ಝೆರಾಕ್ಸ್ ಪಕ್ಕದಲ್ಲಿಟ್ಟುಕೊಂಡು ಕೊನೆಯ ಪುಟದ ಷೆಡ್ಯೂಲನ್ನು (ಆಸ್ತಿಯ ವಿವರ) ಬೆರಳಿಟ್ಟು ಓದುತ್ತಾ ಹೋದೆ. ಸೈಟ್ ನಂಬರ್ ಸರಿ, ಅಳತೆ ಸರಿ, ಚಕ್ಕುಬಂದಿಗೆ, ಅಂದರೆ ನಾಲ್ಕು ದಿಕ್ಕಿನ ಗಡಿಗೆ, ಬಂದಾಗ ಎಡವಿದೆ. ಹಳೇ ಪತ್ರದಲ್ಲಿ ಪೂರ್ವಕ್ಕೆ ರಸ್ತೆ, ನಮ್ಮದರಲ್ಲಿ ಪಶ್ಚಿಮಕ್ಕೆ! ಟೈಪ್ ಮಾಡಿದವರು ಎರಡನ್ನೂ ಅದಲು ಬದಲು ಮಾಡಿದ್ದರು. ಬಾಗಿಲು ತೆಗೆದರೆ ಬೆಳಗಿನ ಬಿಸಿಲು ಒಳಗೆ ಬೀಳುವ ಮನೆ ಅದು. ಕರಡಿನ ಪ್ರಕಾರ ಹಿಂದಿನ ಗೋಡೆ ಒಡೆದು ರಸ್ತೆಗೆ ಇಳಿಯಬೇಕಿತ್ತು. ಹಾಗೇ ನೋಂದಣಿ ಆಗಿದ್ದರೆ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಮಾರಿದವರೂ ಮತ್ತೆ ಬಂದು ಸಹಿ ಹಾಕಬೇಕು. ದುಡ್ಡು ಕೈಸೇರಿದ ಮೇಲೆ ಅವರನ್ನು ಹುಡುಕಿಕೊಂಡು ಹೋಗೋದು ಯಾರು?

ಕರಾರಿನ ಹೊತ್ತಿಗೆ ತೆಗೆಸಿದ್ದ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ಎರಡು ತಿಂಗಳು ಹಳೆಯದಾಗಿತ್ತು. ನಡುವೆ ಏನಾದರೂ ನೋಂದಣಿಯಾಗಿದ್ದರೆ ಅದರಲ್ಲಿ ಕಾಣಿಸಲ್ಲ ಅಲ್ವಾ, ಹಾಗಾಗಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮತ್ತೊಂದು ತೆಗೆಸಿದೆ. ಏನೂ ಇರಲಿಲ್ಲ. ಆದರೂ ಇಸಿಯಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಯಾರೋ ನೋಂದಣಿಯಿಲ್ಲದೆ ಬರೆದುಕೊಟ್ಟ ಕಾಗದ, ಕೋರ್ಟಿನಲ್ಲಿರುವ ಪಾಲಿನ ಕೇಸು ಇವೆಲ್ಲ ಅದರಲ್ಲಿ ಸಿಗದೆಯೂ ಇರಬಹುದು. ಅದಕ್ಕೇ ಮೂಲಪತ್ರಗಳ ಝೆರಾಕ್ಸ್ ಸಾಲದು, ಅಸಲನ್ನೇ ವಕೀಲರ ಮುಂದೆ ಇಡಿ ಅಂತ ಮಾರುವವರಿಗೆ ಹೇಳಿದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು, ಇರಲಿ.

ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಅದರ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮನೆ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡೋ ದುಡ್ಡಿನಲ್ಲಿ ಶೇ. 1ರಷ್ಟನ್ನು ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಎನ್‌ಆರ್‌ಐ ಆದರೆ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಹೋಗಿ.

ನೋಂದಣಿ ದಿನ ಕೆಲಸಕ್ಕಿಂತ ಕಾಯೋದೇ ಜಾಸ್ತಿ. ಸಾಕ್ಷಿಗಳಾಗಿ ಭಾವ ಮತ್ತು ಒಬ್ಬ ಗೆಳೆಯ ಬಂದಿದ್ದರು. ಗೆಳೆಯ ಆಧಾರ್ ಮರೆತು ಅರ್ಧ ದಾರಿಯಿಂದ ವಾಪಸ್ ಹೋಗಿ ತಂದ. ಫೋಟೊ, ಹೆಬ್ಬೆಟ್ಟು, ಸಹಿ ಎಲ್ಲ ಹತ್ತು ನಿಮಿಷದಲ್ಲಿ ಮುಗಿಯಿತು. ಡಿಡಿ ಮಾತ್ರ ಕೊನೆಯವರೆಗೂ ಬ್ಯಾಂಕಿನವರ ಬ್ಯಾಗಿನಲ್ಲೇ ಇತ್ತು. ಅಸಲಿ ಕ್ರಯಪತ್ರವನ್ನೂ ಅವರೇ ತೆಗೆದುಕೊಂಡು ಹೋದರು, ಸಾಲ ತೀರುವವರೆಗೆ ಅಲ್ಲೇ.

ಖಾತಾ ನನ್ನ ಹೆಸರಿಗಾಯಿತು. ಕರೆಂಟ್ ಬಿಲ್ ಇನ್ನೂ ಹಳೇ ಮಾಲೀಕರ ಹೆಸರಲ್ಲೇ ಬರುತ್ತಿದೆ.