ಇಳಕಲ್ ಸೀರೆ ಅಂಗಡಿಯ ಎಲ್ಲ ಟ್ಯಾಬ್‌ಗಳಿಗೂ ಒಂದೇ ಆ್ಯಪ್: ನನ್ನ ಅನುಭವ

ಫೋನಿಗೂ ಟ್ಯಾಬಿಗೂ ಒಂದೇ ಆ್ಯಪ್ ಸಾಕು ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನಲ್ಲಿರುವ ಗೆಳೆಯರು "ಟ್ಯಾಬಿಗೆ ಬೇರೆ ಆ್ಯಪ್ ಮಾಡಿಬಿಡು, ತಲೆನೋವು ಬೇಡ" ಅಂದರು. ಇಲ್ಲಿ ನವನಗರದಲ್ಲಿ ನನ್ನ ಜೊತೆ ಕೂತು ಕೆಲಸ ಮಾಡೋ ಹುಡುಗ ಇನ್ನೂ ಸುಲಭದ ದಾರಿ ಹೇಳಿದ: "ಸರ, ಎಲ್ಲಾ ಅಂಗಡಿಯವ್ರಿಗೂ ಒಂದ ಮಾಡೆಲ್ ಟ್ಯಾಬ್ ತೊಗೊಳ್ರಿ ಅಂತ ಹೇಳಿಬಿಡೋಣ್ರಿ." ಈಗ ಅದೇ ಒಂದು ಆ್ಯಪ್ ಇಳಕಲ್, ಗುಳೇದಗುಡ್ಡ, ಬಾಗಲಕೋಟೆ ಸೇರಿ ಇಪ್ಪತ್ತಕ್ಕೂ ಜಾಸ್ತಿ ಅಂಗಡಿಗಳಲ್ಲಿ ಓಡುತ್ತಿದೆ. ಏಳು ಇಂಚಿನ ಹಳೇ ಟ್ಯಾಬಿನಿಂದ ಹಿಡಿದು ಹನ್ನೆರಡು ಇಂಚಿನದರವರೆಗೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ಡಿಪಿ ಅಂದರೆ ಡೆನ್ಸಿಟಿ ಲೆಕ್ಕ ಹಿಡಿದು ಸ್ಕ್ರೀನ್ ಅಳೆಯೋ ಆಂಡ್ರಾಯ್ಡ್‌ನ ಅಳತೆ, ಮ್ಯಾನಿಫೆಸ್ಟ್ ಅಂದರೆ ಆ್ಯಪಿಗೆ ಏನೇನು ಬೇಕು ಅಂತ ಬರೆದಿಡೋ ಫೈಲು. ಇದಕ್ಕಿಂತ ಜಾಸ್ತಿ ಪಾಠ ಇಲ್ಲಿ ಇಲ್ಲ. ಆ್ಯಪ್ ಬರೆಯುವವರಿಗೆ ಮಿಕ್ಕಿದ್ದು ಗೊತ್ತಿರುತ್ತೆ.

ಆ್ಯಪ್ ಕೆಲಸ ಏನು ಅಂದರೆ, ಗಾದಿ ಮೇಲೆ ಕೂತ ಗಿರಾಕಿಗೆ ಮಾಳಿಗೆಯ ಸ್ಟಾಕನ್ನೆಲ್ಲ ಇಳಿಸದೆ ಟ್ಯಾಬ್‌ನಲ್ಲೇ ತೋರಿಸುವುದು. ದಡಿ ನೋಡಿ ಆರಿಸಬಹುದು: ಗೋಮಿ, ಚಿಕ್ಕಿ ಪರಾಸ್, ಗಾಡಿ. ಗುಳೇದಗುಡ್ಡದವರಿಗೆ ಖಣದ ಪಟ್ಟಿ ಬೇರೆ. ಕೊನೆಗೆ ಬಿಲ್ಲು, ಬಾಕಿ. ಇಷ್ಟೇ. ಆದರೆ ಟ್ಯಾಬ್‌ಗಳು ಮಾತ್ರ ಒಬ್ಬೊಬ್ಬರದು ಒಂದೊಂದು. ಬಹಳ ಅಂಗಡಿಗಳಲ್ಲಿ ಇರೋದು ಕೊರೋನಾ ಟೈಮಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡು, ಆಮೇಲೆ ಕಪಾಟು ಸೇರಿದ್ದ ಟ್ಯಾಬು. ಅದನ್ನು ಬಿಟ್ಟು ಹೊಸದಕ್ಕೆ ಹನ್ನೆರಡು-ಹದಿಮೂರು ಸಾವಿರ ಹಾಕಿ ಅಂದರೆ ಯಾವ ಸಾಹುಕಾರರು ಒಪ್ತಾರೆ?

ಮೊದಲು ಹಿಡಿದ ದಾರಿ ಎಲ್ಲರೂ ಹಿಡಿಯೋದೇ. ಸ್ಕ್ರೀನ್ ಅಗಲಕ್ಕೆ ತಕ್ಕಂತೆ ಎಲ್ಲವನ್ನೂ ಹಿಗ್ಗಿಸುವ ಲೈಬ್ರರಿ ಹಾಕಿದೆ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗೀತು. ಹತ್ತು ಇಂಚಿನ ಟ್ಯಾಬಿಗೆ ಹಾಕಿ ನೋಡಿದರೆ ಬಟನ್‌ಗಳು ಜೋಳದ ರೊಟ್ಟಿಯಷ್ಟಾಗಿದ್ದವು. ಫೋನಿನಲ್ಲಿ ಎಷ್ಟು ಸೀರೆ ಕಾಣ್ತಿತ್ತೋ ಟ್ಯಾಬಿನಲ್ಲೂ ಅಷ್ಟೇ. ಇಳಕಲ್‌ನ ಹಿರಿಯ ಸಾಹುಕಾರರೊಬ್ಬರು ಬೆರಳಲ್ಲಿ ಎರಡು ಸಲ ಸರಿಸಿ ಟ್ಯಾಬ್ ಕೆಳಗಿಟ್ಟರು. "ತಮ್ಮಾ, ದೊಡ್ಡ ಸ್ಕ್ರೀನ್ ಇರೋದು ಹೆಚ್ಚಿಗಿ ಸೀರಿ ನೋಡಾಕ. ಅವ ಐದು ಸೀರಿ ದೊಡ್ಡದಾಗಿ ನೋಡಾಕಲ್ಲ." ಎಷ್ಟೋ ಮೀಟಿಂಗ್‌ಗಳಲ್ಲಿ ಸಿಗದ ಸ್ಪೆಸಿಫಿಕೇಶನ್ ಅದು. ಗೋಡೆಗೆ ಬರೆದು ಅಂಟಿಸಿದ್ದೇನೆ.

ಆಮೇಲೆ ಎಸ್‌ಡಬ್ಲ್ಯು600 ಫೋಲ್ಡರ್ ದಾರಿ: ಸ್ಕ್ರೀನಿನ ಕಿರಿದಾದ ಬದಿ 600 ಡಿಪಿ ಅಥವಾ ಜಾಸ್ತಿ ಇದ್ದರೆ ಈ ಫೋಲ್ಡರ್‌ನಲ್ಲಿರೋ ಟ್ಯಾಬ್ ಲೇಔಟ್ (ಪುಟದ ಜೋಡಣೆ) ಬರುತ್ತೆ, ಇಲ್ಲದಿದ್ದರೆ ಫೋನಿನದು. 2011ರಿಂದ ಇರೋದು, ಎಲ್ಲರಿಗೂ ಗೊತ್ತಿರೋದು. ಎಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ನಕಲಿ ಟ್ಯಾಬಿನಲ್ಲಿ, ಚೆಂದ ಓಡಿತು. ಅಂಗಡಿಗಳಿಗೆ ಹೋದ ಮೇಲೆ ಶುರುವಾಯ್ತು ನೋಡಿ. ಎಂಟು ಇಂಚಿನ ಎರಡು ಟ್ಯಾಬ್, ಎರಡರಲ್ಲೂ 800×1280 ಪಿಕ್ಸೆಲ್. ಒಂದರ ಡೆನ್ಸಿಟಿ, ಅಂದರೆ ಇಂಚಿಗೆ ಇಷ್ಟು ಪಿಕ್ಸೆಲ್ ಅಂತ ಟ್ಯಾಬಿನಲ್ಲಿ ಇಟ್ಟಿರೋ ಅಂಕಿ, 213. 800ನ್ನು 160ರಿಂದ ಗುಣಿಸಿ 213ರಿಂದ ಭಾಗಿಸಿದರೆ 601 ಡಿಪಿ. ಕೂದಲೆಳೆಯಷ್ಟರಲ್ಲಿ ಗೆರೆ ದಾಟಿತು, ಟ್ಯಾಬ್ ಲೇಔಟ್ ಬಂತು. ಇನ್ನೊಂದಕ್ಕೆ ಕಂಪನಿಯವರು 240 ಇಟ್ಟಿದ್ದರು. 533 ಡಿಪಿ. ಅಲ್ಲಿ ಫೋನ್ ಲೇಔಟ್. ಪಕ್ಕಪಕ್ಕದ ಅಂಗಡಿ, ಒಂದೇ ಅಳತೆಯ ಟ್ಯಾಬ್, ಎರಡು ಬೇರೆ ಆ್ಯಪ್ ಇದ್ದ ಹಾಗೆ. "ಅವ್ರಿಗೆ ಚಲೋದು ಕೊಟ್ಟೀರಿ, ನಮಗ ಹಳೇದು ಕೊಟ್ಟೀರಿ" ಅನ್ನೋ ಜಗಳ ಬೇರೆ.

ಇನ್ನೊಂದು ಮಜಾ ಗುಳೇದಗುಡ್ಡದಲ್ಲಿ. ಹತ್ತು ಇಂಚಿನ ಟ್ಯಾಬ್, 1200×1920, ಡೆನ್ಸಿಟಿ 320. ಅಂದರೆ ಸರಿಯಾಗಿ 600. ಬೆಳಗ್ಗೆ ಎರಡು ಕಾಲಮ್ ಇದ್ದದ್ದು ಸಂಜೆಗೆ ಒಂದಾಗಿತ್ತು. ಏನಿಲ್ಲ, ಮಾಲೀಕರ ತಂದೆಗೆ ಅಕ್ಷರ ಕಾಣಲಿಲ್ಲ ಅಂತ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಸೈಜ್ ಒಂದು ಹಂತ ಜಾಸ್ತಿ ಮಾಡಿದ್ದರು. ಡೆನ್ಸಿಟಿ ಏರಿತು, ಅಗಲ 600ರ ಕೆಳಗೆ ಇಳಿಯಿತು. ಅಜ್ಜಾರಿಗೆ ಹಾಗೆ ಮಾಡಬೇಡಿ ಅನ್ನೋಕೆ ಆಗುತ್ತಾ? ಕನ್ನಡಕದ ಬದಲು ಅದೇ ಅವರ ಆಸರೆ.

ಮಾಡೆಲ್ ಹೆಸರು ನೋಡಿ ಲೇಔಟ್ ಕೊಡುವ ಪಟ್ಟಿ ಕೂಡ ಸ್ವಲ್ಪ ದಿನ ಇಟ್ಟಿದ್ದೆ. ನಲವತ್ತು ಸಾಲು ದಾಟಿದ ಮೇಲೆ ಕಿತ್ತೆಸೆದೆ. ನಾಲ್ಕೈದು ಸೆಕೆಂಡ್‌ಹ್ಯಾಂಡ್ ಟ್ಯಾಬ್ ಕೊಂಡದ್ದೂ ಆಗಲೇ. ಒಟ್ಟು ಹದಿನೈದು ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಒಂದರ ಬ್ಯಾಟರಿ ಉಬ್ಬಿ ಸ್ಕ್ರೀನೇ ಮೇಲೆದ್ದಿತು.

ಕೊನೆಗೆ ಕೆಲಸ ಮಾಡಿದ್ದು ಪ್ರಶ್ನೆಯನ್ನೇ ಬದಲಿಸಿದಾಗ. "ಇದು ಟ್ಯಾಬಾ, ಫೋನಾ?" ಅಂತ ಕೇಳೋದನ್ನು ಕೋಡಿನಿಂದಲೇ ತೆಗೆದೆ. "ಈ ಕ್ಷಣಕ್ಕೆ ನನ್ನ ವಿಂಡೋಗೆ ಎಷ್ಟು ಅಗಲ ಸಿಕ್ಕಿದೆ?" ಅಂತ ಮಾತ್ರ ಕೇಳುತ್ತೇನೆ. ಗೂಗಲ್‌ನ ಜೆಟ್‌ಪ್ಯಾಕ್ ಲೈಬ್ರರಿಗಳಲ್ಲಿರೋ ವಿಂಡೋಮ್ಯಾನೇಜರ್ ಅದನ್ನು ಹೇಳುತ್ತೆ. 600 ಡಿಪಿಗಿಂತ ಕಡಿಮೆ ಇದ್ದರೆ ಪಟ್ಟಿ, ಒತ್ತಿದರೆ ಸೀರೆ. 600ರಿಂದ 840ರವರೆಗೆ ಕೆಳಗಿನ ಮೆನು ಎಡಗಡೆಯ ಪಟ್ಟಿಯಾಗುತ್ತೆ, ಸೀರೆ ಪೂರ್ತಿ ಪುಟದಲ್ಲಿ ಬರುತ್ತೆ. 840 ಮೇಲೆ ಹೋದರೆ ಎಡಕ್ಕೆ ಪಟ್ಟಿ, ಬಲಕ್ಕೆ ಸೀರೆ, ಎರಡೂ ಒಟ್ಟಿಗೆ. ಗೂಗಲ್‌ನವರು ಹೇಳೋ ಗೆರೆಗಳೇ ಇವು, ನಾನು ಹೊಸದೇನೂ ಕಂಡುಹಿಡಿದಿಲ್ಲ.

ನನ್ನದು ಅಂತ ಇರೋದು ಮುಂದಿನದು. ಲೇಔಟ್ ಬದಲಾದರೂ ತೋರಿಸುವ ಮಾಲು ಗೆರೆಗಳಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಹಾಗಾಗಿ ಎಷ್ಟು ಕಾಲಮ್ ಅಂತ ಎಲ್ಲೂ ಬರೆದಿಲ್ಲ. ಒಂದು ಸೀರೆಗೆ ಕನಿಷ್ಠ ಇಷ್ಟು ಡಿಪಿ ಬೇಕು ಅಂತ ಮಾತ್ರ ಬರೆದೆ, ಮಿಕ್ಕಿದ್ದನ್ನು ಗ್ರಿಡ್ ತಾನೇ ಭಾಗ ಮಾಡಿಕೊಳ್ಳುತ್ತೆ. ಮೇಲಿನ 533ರ ಟ್ಯಾಬಿನಲ್ಲಿ ಫೋನ್ ಲೇಔಟ್ ಬಂದರೂ ಸೀರೆ ಮೂರು ಕಾಲಮ್ ಬರುತ್ತೆ, 601ರಲ್ಲಿ ಕೂಡ ಮೂರೇ. ಪಕ್ಕದ ಅಂಗಡಿಯವರ ಜಗಳ ಅಲ್ಲಿಗೆ ನಿಂತಿತು. ಆ ಕನಿಷ್ಠ ಅಂಕಿ ಎಷ್ಟು ಅಂತ ಇಲ್ಲಿ ಬರೆಯಲ್ಲ. ಸೀರೆ ಫೋಟೋ ನೋಡಿ ನೋಡಿ ಹುಡುಕಿದ್ದು. ನಿಮ್ಮ ಮಾಲಿಗೆ ನಿಮ್ಮ ಅಂಕಿ ನೀವೇ ಹುಡುಕಿ.

ಇದರ ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಅಂಗಡಿ ಹುಡುಗರು ಸ್ಕ್ರೀನ್ ಅರ್ಧ ಮಾಡಿ ಒಂದು ಕಡೆ ವಾಟ್ಸ್ಆ್ಯಪ್ ಇಟ್ಟುಕೊಳ್ಳುತ್ತಾರೆ. ಪುಣೆ, ಸೊಲ್ಲಾಪುರದ ಗಿರಾಕಿಗಳಿಗೆ ಫೋಟೋ ಕಳಿಸೋಕೆ. ಆಗ ಹತ್ತು ಇಂಚಿನ ಟ್ಯಾಬಿನಲ್ಲೂ ಆ್ಯಪಿಗೆ ಸಿಗೋದು ಫೋನಿನಷ್ಟೇ ಅಗಲ. ಹಳೇ ಲೆಕ್ಕದಲ್ಲಿ ಎರಡು ಕಾಲಮ್ ಒಂದರ ಮೇಲೊಂದು ಬಿದ್ದಿರೋದು. ಈಗ ತಾನೇ ಮಡಚಿಕೊಳ್ಳುತ್ತೆ.

ಸೆರಗಿನ ಕಥೆ ಹೇಳಲೇಬೇಕು. ಇಳಕಲ್ ಸೀರೆಗೆ ಸೆರಗೇ ಮುಖ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿ ತೋಪುತೆನೆ, ಚೂಪಾದ ಗೋಪುರಗಳ ಸಾಲು. ಟ್ಯಾಬ್ ಅಡ್ಡ ಹಿಡಿದಾಗ ಚಿತ್ರ ಜಾಗ ತುಂಬಲಿ ಅಂತ ಎಳೆದು ಕೂರಿಸಿದರೆ ಆ ಗೋಪುರಗಳ ತುದಿ ಚಪ್ಪಟೆ ಆಗುತ್ತೆ. ನನ್ನ ಕಣ್ಣಿಗೆ ಏನೂ ಗೊತ್ತಾಗಲಿಲ್ಲ. ನೇಕಾರರ ಮನೆಯಿಂದ ಬಂದ ಸಾಹುಕಾರರು ಒಂದೇ ನೋಟಕ್ಕೆ "ಇದು ನಮ್ಮ ಸೆರಗಲ್ಲ, ಯಾರೋ ಮಗ್ಗ ತಪ್ಪಿಸ್ಯಾರ" ಅಂದರು. ಮಧ್ಯ ಭಾಗ ಉಳಿಸಿ ಸುತ್ತ ಕತ್ತರಿಸಿದರೆ ಇನ್ನೊಂದು ಪಜೀತಿ, ದಡಿಯೇ ಹೋಗುತ್ತೆ. ದಡಿ ಇಲ್ಲದ ಸೀರೆಗೆ ಯಾರು ರೇಟು ಕಟ್ತಾರೆ?

ಬಿಚ್ಚಿದ ಸೀರೆ ಐದೂವರೆ ಮೀಟರ್ ಉದ್ದ, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. ಹತ್ತಿರ ಹತ್ತಿರ ಐದಕ್ಕೆ ಒಂದು. ಯಾವ ಸ್ಕ್ರೀನೂ ಆ ಆಕಾರದಲ್ಲಿ ಇರಲ್ಲ. ಅದಕ್ಕೆ ಈಗ ಪ್ರತಿ ಫೋಟೋ ಜೊತೆ ಒಂದು ಬಿಂದು ಉಳಿಸುತ್ತೇನೆ: ಕತ್ತರಿಸೋದೇ ಆದರೆ ಇದರ ಸುತ್ತ ಬಿಟ್ಟು ಕತ್ತರಿಸು ಅಂತ. ಅದು ಸೆರಗೂ ದಡಿಯೂ ಕೂಡುವ ಮೂಲೆ. ವಿಂಡೋ ಕಿರಿದಾಗಿದ್ದರೆ ಆ ಮೂಲೆ ಮಾತ್ರ, ಅಗಲ ಸಿಕ್ಕರೆ ಪೂರ್ತಿ ಸೀರೆ ಅಡ್ಡಲಾಗಿ. ಎಳೆಯೋದು ಎಲ್ಲೂ ಇಲ್ಲ. ಮೊದಮೊದಲು ಆ ಬಿಂದುವನ್ನು ಕೈಯಲ್ಲೇ ಗುರುತು ಮಾಡಿದೆವು. ಈಗ ತಾನೇ ಹುಡುಕುತ್ತೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಫೋಟೋ ಅಂದಾಗ ಮೆಮೊರಿ ಮಾತೂ ಬರುತ್ತೆ. 4000×3000ರ ಒಂದು ಫೋಟೋ ಪೂರ್ತಿ ತೆರೆದರೆ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ 48 ಎಂಬಿ ಹತ್ತಿರ ನುಂಗುತ್ತೆ. ದೊಡ್ಡ ಸ್ಕ್ರೀನಿನಲ್ಲಿ ಒಟ್ಟಿಗೆ ಜಾಸ್ತಿ ಸೀರೆ ಕಾಣುತ್ತೆ ಅಂದರೆ ಜಾಸ್ತಿ ಫೋಟೋ ತೆರೆದಿರುತ್ತೆ ಅಂತ. ಎರಡು ಜಿಬಿ ರ‍್ಯಾಮಿನ ಟ್ಯಾಬ್ ಎಷ್ಟು ತಡೆದೀತು? ಪಿಕ್ಸೆಲ್‌ಗೆ 2 ಬೈಟಿನ ಫಾರ್ಮ್ಯಾಟಿಗೆ ಇಳಿಸಿ ನೋಡಿದೆ. ಮೆಮೊರಿ ಅರ್ಧ ಉಳಿಯಿತು, ಕೆಂಪು ಸೆರಗು ಗೆರೆಗೆರೆಯಾಗಿ ಕಂಡಿತು. ಬಿಟ್ಟೆ. ಫೋಟೋವನ್ನು ಸ್ಕ್ರೀನಿನಲ್ಲಿ ಅದು ಕಾಣೋ ಚೌಕದ ಅಳತೆಗೆ ಇಳಿಸಿ ತೆರೆಯೋದೇ ಸರಿಯಾದ ದಾರಿ.

ಕನ್ನಡದಲ್ಲಿ ಆ್ಯಪ್ ಮಾಡುವವರು ಇದನ್ನು ಗಮನಿಸಿ. ಬಟನ್ನಿಗೆ ಎತ್ತರ ಕಟ್ಟಿ ಹಾಕಿದರೆ ಒತ್ತಕ್ಷರ ಕತ್ತರಿಸುತ್ತೆ. ನವೆಂಬರ್‌ನಲ್ಲಿ "ರಾಜ್ಯೋತ್ಸವ ರಿಯಾಯಿತಿ" ಅಂತ ಬ್ಯಾನರ್ ಹಾಕಿದ್ದೆ. ಕೆಲವು ಟ್ಯಾಬಿನಲ್ಲಿ ಯ ಒತ್ತು, ಸ ಒತ್ತು ಎರಡೂ ಮಾಯ. ಅಕ್ಷರದ ಮೇಲೆ ಕೆಳಗೆ ಬಿಡುವ ಜಾಗವನ್ನು ಸೊನ್ನೆ ಮಾಡುವ ಆ ಒಂದು ಸಾಲನ್ನು ಡಿಸೈನರ್‌ಗಳು ಇಂಗ್ಲಿಷ್ ನೋಡಿ ಹಾಕಿಸಿರುತ್ತಾರೆ, ಮೊದಲು ಅದನ್ನು ತೆಗೀರಿ. ಎತ್ತರ ಕನಿಷ್ಠ ಇಷ್ಟು ಅಂತ ಮಾತ್ರ ಇರಲಿ.

ದುಡ್ಡು ಕಳೆದದ್ದು ಪ್ಲೇ ಸ್ಟೋರ್‌ನಲ್ಲಿ. ವೈಫೈ ಮಾತ್ರ ಇರುವ ಟ್ಯಾಬ್‌ಗಳಲ್ಲಿ ಆ್ಯಪ್ ಇನ್‌ಸ್ಟಾಲ್ ಆಗಲೇ ಇಲ್ಲ, ಈ ಸಾಧನಕ್ಕೆ ಹೊಂದಲ್ಲ ಅಂತ ಬರೋದು. ಲೇಔಟ್ ಇಷ್ಟು ತಿದ್ದಿ ಕೂತರೆ ಬಾಗಿಲಲ್ಲೇ ಅಡ್ಡಗಾಲು. ಕಾರಣ ಸಣ್ಣದು. ಬಾಕಿದಾರರಿಗೆ ಕರೆ ಮಾಡೋಕೆ ಅಂತ ನೇರ ಕರೆಯ ಪರ್ಮಿಷನ್ ಕೇಳಿದ್ದೆವು. ಆ ಪರ್ಮಿಷನ್ ಕೇಳಿದರೆ ಟೆಲಿಫೋನಿ ಬೇಕೇ ಬೇಕು ಅಂತ ಪ್ಲೇ ಸ್ಟೋರ್ ತಾನೇ ಅಂದುಕೊಳ್ಳುತ್ತೆ. ಕ್ಯಾಮೆರಾ ಪರ್ಮಿಷನ್ನಿಗೂ ಹಾಗೇ, ಆಟೋಫೋಕಸ್ ಕೂಡ ಬೇಕು ಅಂತ ಸೇರಿಸಿಕೊಳ್ಳುತ್ತೆ. ಮ್ಯಾನಿಫೆಸ್ಟ್‌ನಲ್ಲಿ ಇವೆಲ್ಲ ಕಡ್ಡಾಯ ಅಲ್ಲ ಅಂತ ಬರೆದೆ, ಕರೆಗೆ ಬರೀ ಡಯಲರ್ ತೆರೆಯುವ ಹಾಗೆ ಮಾಡಿದೆ. ಅಷ್ಟರಲ್ಲಿ ಒಬ್ಬರು ಏಳೆಂಟು ಸಾವಿರ ಮುಂಗಡ ವಾಪಸ್ ತೊಗೊಂಡಾಗಿತ್ತು.

ಟ್ಯಾಬ್ ತಿರುಗಿಸಿದರೆ ಅರ್ಧ ಬರೆದ ಬಿಲ್ಲು ಹೋಗೋದು, ಕ್ಯಾಮೆರಾ ಚಿತ್ರ ಮಗ್ಗುಲಾಗಿ ಬರೋದು, ಇವನ್ನು ಎಲ್ಲರೂ ಅನುಭವಿಸಿರುತ್ತೀರಿ. ಬಿಲ್ಲಿಗೆ, ಸ್ಕ್ರೀನ್ ತಿರುಗಿದರೂ ಬರೆದದ್ದನ್ನು ಹಿಡಿದಿಡೋ ವ್ಯೂಮಾಡೆಲ್ ಸಾಕು. ಕ್ಯಾಮೆರಾಗೆ ಒಂದು ಮಾತು: ಕೆಲವು ಟ್ಯಾಬ್‌ಗಳ ಹುಟ್ಟುನಿಲುವೇ ಅಡ್ಡ. ಫೋನ್ ಹಾಗೆ ಉದ್ದ ಅಂತ ನಂಬಿ ಬರೆದ ಕೋಡ್ ಅಲ್ಲಿ ತೊಂಬತ್ತು ಡಿಗ್ರಿ ತಪ್ಪುತ್ತೆ.

ಈಗ ಪರೀಕ್ಷೆಗೆ ನನ್ನ ಹತ್ತಿರ ಇರೋದು ಒಂದೇ ಒಳ್ಳೇ ಟ್ಯಾಬ್. ಕಂಪ್ಯೂಟರಿನಿಂದ ಟ್ಯಾಬಿಗೆ ಆದೇಶ ಕಳಿಸೋ ಎಡಿಬಿಯಲ್ಲಿ ಡಬ್ಲ್ಯುಎಂ ಸೈಜ್, ಡಬ್ಲ್ಯುಎಂ ಡೆನ್ಸಿಟಿ ಆದೇಶ ಕೊಟ್ಟು ಅದನ್ನೇ 800×1280 ಮಾಡುತ್ತೇನೆ, ಡೆನ್ಸಿಟಿ 213, ಆಮೇಲೆ 240. ಆಮೇಲೆ 1200×1920, 320ಕ್ಕಿಂತ ಒಂದಿಷ್ಟು ಮೇಲೆ, ಅದು ಅಜ್ಜಾರ ಸೆಟ್ಟಿಂಗ್. ಎಂಟು ಜಿಬಿ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ತೆವಳುತ್ತೆ, ಇದು ಹಾಗಲ್ಲ. ಕೊನೆಗೆ ರೀಸೆಟ್ ಕೊಡಿ. ಸೆಕೆಂಡ್‌ಹ್ಯಾಂಡ್ ಟ್ಯಾಬ್‌ಗಳಿಗೆ ಹಾಕಿದ ಹದಿನೈದು ಸಾವಿರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ನಡುವೆ ಒಂದು ಹುಚ್ಚಾಟ ಆಯಿತು. ದೀಪಾವಳಿ ಗದ್ದಲಕ್ಕೆ ಅಂತ ಒಬ್ಬರು ಗೋಡೆಯ ಟಿವಿಯಲ್ಲಿ ಇದೇ ಆ್ಯಪ್ ಬೇಕು ಅಂದರು. ಆಂಡ್ರಾಯ್ಡ್ ಟಿವಿ ಬಾಕ್ಸಿಗೆ ಹಾಕಿದೆ. ಅಷ್ಟು ದೊಡ್ಡ ಟಿವಿ, ಆದರೆ ಫುಲ್ ಎಚ್‌ಡಿಯಲ್ಲಿ ಲೆಕ್ಕಕ್ಕೆ ಸಿಗೋದು 960×540 ಡಿಪಿ ಮಾತ್ರ. ಕಿರಿದಾದ ಬದಿ 540, ಹಳೇ ಫೋಲ್ಡರ್ ಲೆಕ್ಕದಲ್ಲಿ ಅದು ಫೋನು! ನನ್ನ ಲೆಕ್ಕದಲ್ಲಿ ಅಗಲ 840 ದಾಟಿದ್ದರಿಂದ ಎರಡು ಭಾಗ ಸರಿಯಾಗೇ ಬಂದವು. ಆವತ್ತು ಎದೆ ಉಬ್ಬಿದ್ದು ನಿಜ. ಆದರೆ ರಿಮೋಟಿನ ಬಾಣದ ಗುಂಡಿಯಲ್ಲಿ ಸೀರೆಯಿಂದ ಸೀರೆಗೆ ಹೋಗೋದು ಯಾರಿಗೂ ಆಗಲಿಲ್ಲ. ಕೊನೆಗೆ ಟ್ಯಾಬನ್ನೇ ಟಿವಿಗೆ ಮಿರರ್ ಮಾಡಿ ಕೊಟ್ಟೆ.

ಮೊದಲ ಅಂಗಡಿಗಳಿಂದ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು ಬಂತು. ಟ್ಯಾಬು, ಓಡಾಟ, ವಾಪಸ್ ಕೊಟ್ಟ ಮುಂಗಡ ಕಳೆದರೆ ಕೈಗೆ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಈಗ ಹೊಸ ಅಂಗಡಿ ಅಂದರೆ ಎರಡೂವರೆ ಸಾವಿರ, ವರ್ಷಕ್ಕೆ ನಿರ್ವಹಣೆ ಬೇರೆ. ಹೋಗಿ ಇನ್‌ಸ್ಟಾಲ್ ಮಾಡಿ ಚಹಾ ಕುಡಿದು ಬರೋದಷ್ಟೇ ಕೆಲಸ, ಟ್ಯಾಬ್ ಯಾವುದು ಅಂತ ಫೋನಿನಲ್ಲಿ ಕೇಳೋದನ್ನೂ ಬಿಟ್ಟಿದ್ದೇನೆ.

ಬೇರೆ ಆ್ಯಪ್ ಮಾಡು ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿದ್ದ. 2025ರಲ್ಲಿ ಬಂದ ಆಂಡ್ರಾಯ್ಡ್ 16ರಲ್ಲಿ ಟಾರ್ಗೆಟ್ 36 ಇಟ್ಟರೆ, ಅಂದರೆ ಆ್ಯಪನ್ನು ಆ ಆವೃತ್ತಿಗೆ ಅಂತ ಮಾಡಿದರೆ, 600 ಡಿಪಿ ಮತ್ತು ಅದಕ್ಕಿಂತ ದೊಡ್ಡ ಸ್ಕ್ರೀನಿನಲ್ಲಿ ಆ್ಯಪನ್ನು ಉದ್ದಕ್ಕೇ ಲಾಕ್ ಮಾಡಿದ್ದನ್ನು ಸಿಸ್ಟಮ್ ಕೇಳಲ್ಲ, ಗೇಮ್‌ಗಳನ್ನು ಬಿಟ್ಟು. ಅವರ ಆ್ಯಪೆಲ್ಲ ಲಾಕ್ ಮೇಲೇ ನಿಂತಿತ್ತು. ತಾತ್ಕಾಲಿಕವಾಗಿ ತಪ್ಪಿಸಿಕೊಳ್ಳೋಕೆ ಮ್ಯಾನಿಫೆಸ್ಟ್‌ನಲ್ಲಿ ಒಂದು ಸಾಲು ಇದೆ, ಟಾರ್ಗೆಟ್ 37ಕ್ಕೆ ಹೋದರೆ ಅದೂ ನಡೆಯಲ್ಲ. ನನ್ನ ಕೋಡಿನಲ್ಲಿ ಲಾಕೇ ಇಲ್ಲ, 36ಕ್ಕೆ ಏರಿಸಿದಾಗ ಒಂದು ಸಾಲೂ ಮುಟ್ಟಲಿಲ್ಲ. ವಿಂಡೋ ಅಗಲದ ಲೆಕ್ಕವನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಸೆರಗಿನ ಬಿಂದುವನ್ನೂ ಕೇಳಿದ, ಅದಕ್ಕೆ ರೇಟು ಹೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.